ಓಡುತ್ತಲೇ ಇರುವ ಪ್ರೊಸೆಸರ್ ಮಹಾಶಯರಿಗೆ, ಐದು ಬೈಟುಗಳ ಬಗ್ಗೆ

ನೀರು ಸರಬರಾಜು ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ, ಕಿಟಕಿಯ ಎಡಗಡೆ, ಬೂದು ಬಣ್ಣದ ಪೆಟ್ಟಿಗೆಯೊಳಗೆ ಸದಾ ಬೆಚ್ಚಗೆ ಬಾಳುತ್ತಿರುವ ಮಾನ್ಯ ಪ್ರೊಸೆಸರ್ ಮಹಾಶಯರೇ. ಮತ್ತು ತಮ್ಮೊಳಗೆ ಒಂದೇ ಸೂರಿನಡಿ ವಾಸವಾಗಿದ್ದೂ ಒಬ್ಬರು ಏನು ಓದುತ್ತಿದ್ದಾರೆಂದು ಇನ್ನೊಬ್ಬರು ವಿಚಾರಿಸುವ ಗೋಜಿಗೆ ಹೋಗದ ಮಾನ್ಯ ನಾಲ್ವರು ಕೋರ್ ಸಹೋದರರೇ,

ತಮ್ಮ ಫ್ಯಾನು ಎಂದೂ ನಿಲ್ಲದಿರಲಿ, ತಮ್ಮ ಮೈಮೇಲೆ ಧೂಳು ಕೂರದಿರಲಿ ಎಂದು ಹಾರೈಸಿ ಈ ಪತ್ರಕ್ಕೆ ಕೈಹಚ್ಚುತ್ತಿದ್ದೇನೆ. ಸೆಕೆಂಡಿಗೆ ಇನ್ನೂರು ಕೋಟಿ ಸಲ ಮಿಡಿಯುವ ತಮಗೆ ಇದನ್ನು ಓದಲು ನಾನು ಒಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆದರೂ ದಯವಿಟ್ಟು ಮೊದಲ ಸಾಲು ನೋಡಿ ಕೊನೆಯ ಸಾಲನ್ನು ಊಹಿಸಿಬಿಡಬೇಡಿ. ನನ್ನ ದೂರು ಇರುವುದೇ ತಮ್ಮ ಆ ಅಭ್ಯಾಸದ ಮೇಲೆ.

ದೂರಿಗೆ ಮೊದಲು ಒಂದು ತಪ್ಪೊಪ್ಪಿಗೆ. ಹದಿನಾಲ್ಕು ತಿಂಗಳಿಂದ ಇದನ್ನು ಬಚ್ಚಿಟ್ಟುಕೊಂಡಿದ್ದೆ. ಕಳೆದ ವಾರ ಮೂರು ಜನರಿಗೆ ಹೇಳಿದೆ, ಈಗ ತಮಗೂ, ಈ ಪತ್ರವನ್ನು ಸೂಚನಾ ಫಲಕದ ಮುಂದೆ ನಿಂತು ಓದುವ ಎಲ್ಲರಿಗೂ ಹೇಳುತ್ತಿದ್ದೇನೆ. ಆ ಸೋಮವಾರ ಬೆಳಿಗ್ಗೆ ಎಂಟೂವರೆಗೆ ತಾವು ಇದ್ದಕ್ಕಿದ್ದಂತೆ ನಿಂತು, ವಾಲ್ವುಗಳೆಲ್ಲ ತಾವಾಗಿ ಮುಚ್ಚಿಕೊಂಡು, ಊರಿಗೆ ಊರೇ ತಲೆಗೆ ನೊರೆ ಹಚ್ಚಿಕೊಂಡು ನಲವತ್ತೇಳು ನಿಮಿಷ ನಲ್ಲಿಯ ಬಾಯಿ ನೋಡುತ್ತ ಕೂತದ್ದು ವೈರಿಂಗ್ ದೋಷದಿಂದ ಅಲ್ಲ. ಇಲ್ಲಿನ ಎಲೆಕ್ಟ್ರಿಷಿಯನ್, ಅಂದರೆ ನನ್ನ ಸೋದರಮಾವ, ಯಾವ ತಪ್ಪನ್ನೂ ಮಾಡಿರಲಿಲ್ಲ. ತಾವು ಓಡುತ್ತಿರುವಾಗಲೇ ತಮ್ಮ ಆದೇಶವೊಂದನ್ನು ಬದಲಿಸಲು ಹೋದದ್ದು ನಾನು, ಈ ಕೇಂದ್ರದಲ್ಲಿ ದಿನಚರಿ ಪುಸ್ತಕ ಬರೆಯುವವಳು.

ನನ್ನ ಪರಿಚಯ ತಮಗೆ ಇರಲಾರದು. ಗಂಟೆಗೊಮ್ಮೆ ಬಂದು ತಮ್ಮ ಪರದೆಯ ಮೇಲಿನ ಒತ್ತಡದ ಅಂಕಿಗಳನ್ನು ಪುಸ್ತಕಕ್ಕೆ ಇಳಿಸಿಕೊಂಡು ಹೋಗುವ ಕೈ ನನ್ನದು. ವಯಸ್ಸು ಇಪ್ಪತ್ತೊಂದು. ಓದಿದ್ದು ಒಂಬತ್ತನೇ ತರಗತಿಯ ಅರ್ಧ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ತಪ್ಪು ಉತ್ತರ ಬರೆದಿದ್ದರು, ನಾನು ಅದನ್ನು ನಕಲು ಮಾಡಿಕೊಳ್ಳುವುದಿಲ್ಲ ಎಂದೆ, ಅವರು ಹೊರಗೆ ನಿಲ್ಲು ಎಂದರು. ಹನ್ನೊಂದು ದಿನ ತರಗತಿಯ ಹೊರಗೆ ನಿಂತೆ. ಹನ್ನೆರಡನೇ ದಿನ ಗೇಟಿನ ಹೊರಗೆ ನಿಂತು ನೋಡಿದೆ, ಅಲ್ಲಿ ಗಾಳಿ ಚೆನ್ನಾಗಿತ್ತು, ಮತ್ತೆ ಒಳಗೆ ಹೋಗಲಿಲ್ಲ. ಒಂದು ಕಡೆ ಕೂರಲಾರದ ನನ್ನನ್ನು ಕಂಡು ಅಮ್ಮ ಕೈಚೆಲ್ಲಿದಾಗ ಈ ಕೆಲಸಕ್ಕೆ ಸೇರಿಸಿ ತನ್ನ ಮನೆಯಲ್ಲೇ ಇಟ್ಟುಕೊಂಡದ್ದು ಇದೇ ಮಾವ. ತಮ್ಮನ್ನು ನೋಡಿಕೊಳ್ಳುತ್ತಿದ್ದ ತಂತ್ರಜ್ಞರು ಬೇರೆ ಕಡೆ ಹೋಗುವಾಗ ಮೂರು ದಪ್ಪ ಕೈಪಿಡಿಗಳನ್ನೂ, ಕೀಬೋರ್ಡಿನ ಬೆನ್ನಿಗೆ ಅಂಟಿಸಿದ ಪಾಸ್‌ವರ್ಡನ್ನೂ ಬಿಟ್ಟುಹೋಗಿದ್ದರು. ಗಂಟೆಗೊಮ್ಮೆ ಐದು ನಿಮಿಷದ ಕೆಲಸವಿರುವವಳಿಗೆ ಉಳಿದ ಐವತ್ತೈದು ನಿಮಿಷ ಕೈಪಿಡಿ ಓದದೆ ಬೇರೆ ಏನು ದಾರಿಯಿತ್ತು, ತಾವೇ ಹೇಳಿ.

ತಮ್ಮ ಎದುರಿನ ಗೋಡೆಯ ಮೇಲೊಂದು ಕಪ್ಪು ಹಲಗೆ ಇದೆ, ತಾವು ಗಮನಿಸಿರಬಹುದು. ‘ನಿಲ್ಲದೆ ಓಡಿದ ದಿನಗಳು’ ಎಂದು ಮೇಲೆ ಬಣ್ಣದಲ್ಲಿ ಬರೆದು, ಕೆಳಗಿನ ಅಂಕಿಯನ್ನು ನಮ್ಮ ಅಧಿಕಾರಿಗಳು ಪ್ರತಿದಿನ ತಾವೇ ಸೀಮೆಸುಣ್ಣದಲ್ಲಿ ತಿದ್ದುತ್ತಾರೆ. ಆ ಸೋಮವಾರ ಅದು 2,314 ಆಗಿತ್ತು. ಎರಡೂವರೆ ಸಾವಿರ ಮುಟ್ಟಿದ ದಿನ ಸಮಾರಂಭ ಮಾಡುವುದೆಂದು ಅವರು ಭಾಷಣವನ್ನೂ ಬರೆದಿಟ್ಟಿದ್ದರು. ತಮ್ಮನ್ನು ನಿಲ್ಲಿಸಿ ರಿಪೇರಿ ಮಾಡೋಣ ಎಂದು ಅವರ ಮುಂದೆ ಹೇಳುವುದು, ಮದುಮಗನ ಎದುರು ಮದುವೆ ಮುಂದೂಡೋಣ ಎಂದ ಹಾಗೆ.

ಆದರೆ ರಿಪೇರಿಯ ಅಗತ್ಯವಿತ್ತು. ತಮಗೆ ಆದೇಶಗಳನ್ನು ಕೊಡುವ ಕಾರ್ಯವ್ಯವಸ್ಥೆಯ ತಿರುಳನ್ನು, ಬಲ್ಲವರು ಕರ್ನಲ್ ಎನ್ನುವುದನ್ನು, ಬರೆದ ಮಹಾನುಭಾವರು ಯಾರೋ ಒಂದು ಕಡೆ ‘ಒತ್ತಡದ ಅಂಕಿ ಬಂದಾಗಲೆಲ್ಲ ಹೋಗಿ ದೂರು ಬರೆದು ಬಾ’ ಎಂಬ ಅರ್ಥದ ಆದೇಶ ಇಟ್ಟಿದ್ದರು. ಅಂಕಿ ಸರಿಯಿದ್ದರೂ ದೂರು, ತಪ್ಪಿದ್ದರೂ ದೂರು. ತಾವು ವಿಧೇಯತೆಯಿಂದ ಹೋಗಿ ದೂರು ಬರೆದು ಬರುವಷ್ಟರಲ್ಲಿ ವಾಲ್ವು ಎರಡು ಸೆಕೆಂಡು ತಡವಾಗುತ್ತಿತ್ತು. ಆ ಎರಡು ಸೆಕೆಂಡಿನಲ್ಲಿ ನೀರು ಕೊಳವೆಗೆ ಒಳಗಿನಿಂದ ಗುದ್ದುತ್ತಿತ್ತು. ಮಾವನ ಮನೆಯ ನಲ್ಲಿ ಕೆಮ್ಮುತ್ತಿತ್ತು. ‘ನಿಮ್ಮ ಕೇಂದ್ರಕ್ಕೆ ಮೊದ್ಲು ಔಷಧಿ ಕೊಡ್ಸಿ, ಆಮೇಲೆ ನೀರು ಕೊಡಿ’ ಎಂದು ಅತ್ತೆ ದಿನಾ ಬೆಳಿಗ್ಗೆ ಮಾವನಿಗೆ ಚುಚ್ಚುತ್ತಿದ್ದಳು.

ಆ ಆದೇಶ ಬರೀ ಐದು ಬೈಟು. ಮೊದಲ ಬೈಟು ‘ಹೋಗು’ ಎನ್ನುತ್ತದೆ, ಮಿಕ್ಕ ನಾಲ್ಕು ಎಷ್ಟು ದೂರ ಎನ್ನುತ್ತವೆ. ಅದರ ಜಾಗದಲ್ಲಿ ‘ಏನೂ ಮಾಡಬೇಡ, ಮುಂದೆ ನಡೆ’ ಎಂಬ ಐದು ಬೈಟು ಇಟ್ಟರೆ ಮುಗಿಯಿತು, ತಮ್ಮನ್ನು ನಿಲ್ಲಿಸುವ ಪ್ರಮೇಯವೇ ಇಲ್ಲ. ಆ ಪುಟಕ್ಕೆ ಯಾರೂ ಬರೆಯದಂತೆ ಬೀಗವಿತ್ತು. ಅದೇ ಪುಟವನ್ನು ಇನ್ನೊಂದು ವಿಳಾಸದಿಂದ ತೆರೆದು ಬರೆಯುವ ಹಿಂಬಾಗಿಲನ್ನು ಎರಡನೇ ಕೈಪಿಡಿ ಹೇಳಿಕೊಟ್ಟಿತು. ಐದೂ ಬೈಟನ್ನು ಒಂದೇ ಏಟಿಗೆ ಬರೆದುಬಿಟ್ಟೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಅಲ್ಲಿ ಯಾರು ಬಂದಾರು ಎಂದುಕೊಂಡಿದ್ದೆ.

ತಮ್ಮ ಮೂರನೇ ಸಹೋದರರು ಬಂದರು.

ನನಗೆ ತಿಳಿಯದೆ ಹೋದದ್ದು ಇಷ್ಟೇ: ಆ ಐದು ಬೈಟುಗಳಲ್ಲಿ ಮೂರು ತಮ್ಮ ನೆನಪಿನ, ಅಂದರೆ ಮೆಮೊರಿಯ, ಒಂದು ಸಾಲಿನ ತುದಿಯಲ್ಲಿದ್ದವು, ಎರಡು ಮುಂದಿನ ಸಾಲಿನ ಮೊದಲಲ್ಲಿ. ನನಗೆ ಒಂದೇ ಏಟು ಅನ್ನಿಸಿದ್ದು ತಮ್ಮ ಲೋಕದಲ್ಲಿ ಎರಡು ಏಟು, ನಡುವೆ ಒಂದು ಸಂತೆ ಮುಗಿಯುವಷ್ಟು ಬಿಡುವು. ಮೂರನೆಯವರು ಹಳೆಯ ಆದೇಶದ ಮೂರು ಬೈಟನ್ನು ಮೊದಲೇ ಎತ್ತಿಟ್ಟುಕೊಂಡಿದ್ದರು, ಉಳಿದ ಎರಡನ್ನು ಹೊಸದರಿಂದ ಎತ್ತಿಕೊಂಡರು. ‘ಹೋಗು’ ಎಂಬುದು ಹಳೆಯದು, ಎಷ್ಟು ದೂರ ಎಂಬುದು ಅರ್ಧ ಹಳೆಯದು ಅರ್ಧ ಹೊಸದು. ಯಾರೂ ಕೊಡದ ಆದೇಶವನ್ನು ಪಾಲಿಸಿ, ಯಾರೂ ಹೇಳದ ಕಡೆಗೆ ಅವರು ಧುಮುಕಿದರು. ಅಲ್ಲಿ ಕಾಲಿಡಲು ನೆಲವಿರಲಿಲ್ಲ. ಅವರ ಹಿಂದೆ ತಾವೆಲ್ಲರೂ ನಿಂತಿರಿ. ಅಂಥ ಒಗ್ಗಟ್ಟನ್ನು ಓಡುವಾಗ ಎಂದೂ ತೋರಿಸದವರು ಬೀಳುವಾಗ ತೋರಿಸಿದ್ದನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಹತ್ತು ನಿಮಿಷದಲ್ಲಿ ಅಧಿಕಾರಿಗಳು ಒಂದು ಕಿವಿಯಲ್ಲಿ ನೊರೆ ಇಟ್ಟುಕೊಂಡೇ ಓಡಿಬಂದರು. ತಮ್ಮನ್ನು ಮತ್ತೆ ಹೊತ್ತಿಸಲಾಯಿತು, ಮತ್ತು ತಾವು ಡಿಸ್ಕಿನಿಂದ ಅದೇ ಹಳೆಯ ಆದೇಶವನ್ನು ಎತ್ತಿಕೊಂಡು ಏನೂ ಆಗಿಲ್ಲವೆಂಬಂತೆ ದೂರು ಬರೆಯಲು ಕೂತಿರಿ. ಅಧಿಕಾರಿಗಳು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ತುಂಬ ಹೊತ್ತು ನಿಂತರು, ಆಮೇಲೆ ಸೊನ್ನೆ ಬರೆದರು. ಅವರು ಕೇಳಿದ ಮೊದಲ ಪ್ರಶ್ನೆ ‘ಕರೆಂಟಿನ ಕೆಲಸ ನೋಡೋರು ಎಲ್ಲಿ?’ ಎಂಬುದು. ಮಾವ ಬಂದು ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದ. ಒಂದು ವೈರಿನ ಹೊದಿಕೆ ಸ್ವಲ್ಪ ಸವೆದಿತ್ತು. ‘ಇದೇ ಇರ್ಬೋದು ಸಾರ್’ ಎಂದ. ಯಾರಾದರೂ ಅವನ ಮೇಲೆ ಹೊರಿಸುವ ಮೊದಲೇ ತಾನೇ ಹೊತ್ತುಕೊಂಡ. ಅವನ ಸ್ವಭಾವವೇ ಅಂಥದು. ವರದಿಯಲ್ಲಿ ‘ವೈರಿಂಗ್ ದೋಷ’ ಎಂದು ಬಂತು.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಹದಿನಾಲ್ಕು ತಿಂಗಳು ನನಗೆ ನಾನೇ ಹೇಳಿಕೊಂಡೆ. ನಾನು ಸುಳ್ಳು ಹೇಳುವವಳಲ್ಲ ಎಂಬ ಹೆಮ್ಮೆ ನನಗೆ ಶಾಲೆ ಬಿಟ್ಟ ದಿನದಿಂದ ಇತ್ತು. ಸುಳ್ಳು ಹೇಳದೆಯೂ ಒಬ್ಬನನ್ನು ಹಾಳುಮಾಡಬಹುದು ಎಂಬುದು ಯಾವ ಕೈಪಿಡಿಯಲ್ಲೂ ಇರಲಿಲ್ಲ.

ಏಕೆಂದರೆ ಮಾವ ಆ ದಿನದಿಂದ ತನ್ನ ಕೈಯನ್ನು ನಂಬುವುದು ಬಿಟ್ಟ. ಮೊದಲ ತಿಂಗಳೇ ಕೇಂದ್ರದ ವೈರಿಂಗನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಿದ. ದೋಷ ಸಿಗಲಿಲ್ಲ, ಆದ್ದರಿಂದ ಇನ್ನೊಮ್ಮೆ ಬಿಚ್ಚಿದ. ಮೂರನೆಯ ಸಲ ಬಿಚ್ಚಿದಾಗ ಪಂಪಿನ ಆಪರೇಟರುಗಳು ‘ಮಾವನೋರು ವೈರಿಗೆ ಗಾಳಿ ಆಡ್ಸ್ತಾರೆ’ ಎಂದು ನಕ್ಕರು. ಮನೆಯಲ್ಲಿ ಸ್ವಿಚ್ಚು ಒತ್ತುವ ಮೊದಲು ಟೆಸ್ಟರ್ ಇಟ್ಟು ನೋಡತೊಡಗಿದ. ಅತ್ತೆ ಮಿಕ್ಸಿ ಹಾಕಿದರೆ ಎದ್ದು ಬಂದು ಪ್ಲಗ್ಗನ್ನು ಮುಟ್ಟಿ ಬಿಸಿಯಾಗಿದೆಯೇ ಎಂದು ನೋಡುತ್ತಿದ್ದ. ‘ಇಪ್ಪತ್ತಾರು ವರ್ಷ ಇವ್ರ ಕೈ ಹಿಡ್ಕೊಂಡು ಬಾಳಿದೀನಿ, ನಂಗೇ ಇಲ್ಲದ ಅನುಮಾನ ಇವ್ರಿಗೆ’ ಎಂದು ಅತ್ತೆ ನನ್ನ ಮುಂದೆ ಹೇಳಿದಾಗ ನಾನು ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದೆ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ತಮ್ಮ ಓದಿನ ಬಗ್ಗೆ ನನಗೆ ಅಪಾರ ಗೌರವವಿದೆ. ತಾವು ಒಂದು ಆದೇಶ ಮುಗಿಸುವ ಮೊದಲೇ ಮುಂದಿನ ಹತ್ತಾರನ್ನು ಓದಿಟ್ಟುಕೊಳ್ಳುತ್ತೀರಿ. ದಾರಿ ಕವಲೊಡೆದರೆ ಯಾವ ಕಡೆ ಹೋಗಬೇಕಾದೀತು ಎಂದು ಊಹಿಸಿ ಅರ್ಧ ದಾರಿ ಹೋಗಿಯೂ ಬಿಟ್ಟಿರುತ್ತೀರಿ. ಊಹೆ ತಪ್ಪಿದರೆ ಹೋಗಲೇ ಇಲ್ಲವೆಂಬ ಮುಖ ಮಾಡಿಕೊಂಡು ಹಿಂದಕ್ಕೆ ಬರುತ್ತೀರಿ. ಇಂಥ ಪ್ರತಿಭೆ ನನಗೆ ಗೊತ್ತಿರುವ ಹಾಗೆ ಇನ್ನು ನಮ್ಮ ಅತ್ತೆಗೆ ಮಾತ್ರ ಇದೆ. ನಾನು ‘ಅತ್ತೆ, ಇವತ್ತು’ ಎನ್ನುವಷ್ಟರಲ್ಲಿ ‘ಊಟ ಬೇಡ್ವಾ, ಸರಿ, ಅಡ್ಗೆ ಮಾಡ್ದೋಳು ನಾನೇ ತಿಂತೀನಿ’ ಎಂದು ಉತ್ತರ ಬಂದು, ಜಗಳ ನಡೆದು, ಮುಗಿದೂ ಹೋಗಿರುತ್ತದೆ. ಆದರೆ ಅತ್ತೆಗೆ ‘ಇಲ್ಲಿ ನೋಡು, ನಾನು ಹೇಳಿದ್ದು ಅದಲ್ಲ’ ಎಂದರೆ ಒಮ್ಮೆ ತಿರುಗಿ ನೋಡುತ್ತಾಳೆ. ತಾವು ಮಾತ್ರ ಎತ್ತಿಟ್ಟುಕೊಂಡ ಆದೇಶವನ್ನು ಮೂಲದಲ್ಲಿ ಯಾರಾದರೂ ಬದಲಿಸಿದರೇ ಎಂದು, ಗಂಟೆ ಬಾರಿಸಿ ಎಬ್ಬಿಸದ ಹೊರತು, ಖಂಡಿತವಾಗಿ ನೋಡುತ್ತೀರೆಂಬ ಭರವಸೆ ಕೊಡುವುದಿಲ್ಲ. ಇದನ್ನು ಮೂರನೇ ಕೈಪಿಡಿಯ ನಾನೂರ ಹನ್ನೊಂದನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದ ಅಡಿಟಿಪ್ಪಣಿಯಲ್ಲಿ ತಿಳಿಸಿದ್ದೀರಿ. ಊರು ನಿಂತು ಮೂರು ವಾರದ ನಂತರ ನಾನು ಆ ಪುಟ ತಲುಪಿದೆ. ಇಷ್ಟು ದೊಡ್ಡ ಎಚ್ಚರಿಕೆಯನ್ನು ಇಷ್ಟು ಚಿಕ್ಕದಾಗಿ ಮುದ್ರಿಸಿದ ತಮ್ಮ ಸಂಕೋಚವನ್ನು ಏನೆಂದು ಹೊಗಳಲಿ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ಮುಂದೆ ಯಾರಾದರೂ ತಮ್ಮ ಆದೇಶ ತಿದ್ದುವಾಗ ದಯವಿಟ್ಟು ನಾಲ್ವರೂ ಒಂದು ಉಸಿರೆಳೆಯುವಷ್ಟು ಹೊತ್ತು ಓದುವುದನ್ನು ನಿಲ್ಲಿಸಿ ಕಿಟಕಿಯ ಆಚೆ ನೋಡಬೇಕು. ಆಗದಿದ್ದರೆ ತಿದ್ದಿದ ಆದೇಶದ ಕೆಳಗೆ ‘ಓದಿದ್ದೇನೆ’ ಎಂದು ಮೂರು ಪ್ರತಿಗಳಲ್ಲಿ ಸಹಿ ಹಾಕಿ ಕಳಿಸಬೇಕು. ಅದೂ ಆಗದಿದ್ದರೆ ಮೂರನೇ ಸಹೋದರರನ್ನಾದರೂ ಒಂದು ದಿನ ರಜೆಯ ಮೇಲೆ ನಮ್ಮ ಮನೆಗೆ ಕಳಿಸಬೇಕು. ಅತ್ತೆಯ ಎದುರು ಕೂತು ಒಂದು ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅವರಿಗೂ ತಿಳಿಯಲಿ, ಹಾಗೆಯೇ ಮಾವನ ಕೈ ಹಿಡಿದು ‘ತಪ್ಪು ನಿಮ್ಮದಲ್ಲ’ ಎಂದು ಹೇಳಿ ಬರಲಿ. ನಾನು ಹೇಳಿ ನೋಡಿದೆ, ಅವನು ನಂಬಲಿಲ್ಲ.

ಅದು ಕಳೆದ ಬುಧವಾರದ ಮಾತು. ಮಧ್ಯಾಹ್ನ ಮಾವ ನನ್ನ ಮೇಜಿನ ಬಳಿ ಬಂದು ಒಂದು ಹಾಳೆ ಇಟ್ಟ. ‘ಪುಟ್ಟಿ, ಇದನ್ನ ಕಾಗುಣಿತ ತಪ್ಪಿಲ್ದಂಗೆ ಟೈಪ್ ಮಾಡ್ಕೊಡು, ಸೋಮವಾರ ಸಾಹೇಬ್ರಿಗೆ ಕೊಡ್ಬೇಕು.’ ಓದಿದೆ. ‘ನನ್ನ ಕೈಯ ದೋಷದಿಂದ ಊರಿಗೆ ನೀರು ನಿಂತಿತೆಂದೂ, ಮತ್ತೆ ಅಂಥದ್ದು ಆಗುವುದಿಲ್ಲವೆಂದು ನಾನು ಭರವಸೆ ಕೊಡಲಾರೆನೆಂದೂ ಅರಿಕೆ ಮಾಡಿಕೊಳ್ಳುತ್ತ, ನನ್ನನ್ನು ವಿದ್ಯುತ್ ಕೆಲಸದಿಂದ ಬಿಡಿಸಿ, ಮೇಲಿನ ಜಲಾಶಯದಲ್ಲಿ ಖಾಲಿ ಇರುವ ಅಳತೆ ನೋಡುವ ಕೆಲಸಕ್ಕೆ ಹಾಕಬೇಕಾಗಿ ಬೇಡುತ್ತೇನೆ.’ ಮೇಲಿನ ಜಲಾಶಯವೆಂದರೆ ಇಲ್ಲಿಂದ ಅರ್ಧ ದಿನದ ದಾರಿ. ಅಲ್ಲಿ ವೈರಿಲ್ಲ, ಸ್ವಿಚ್ಚಿಲ್ಲ. ನೀರಿನಲ್ಲಿ ನೆಟ್ಟ ಒಂದು ಮರದ ಕೋಲು, ಅದರ ಮೇಲಿನ ಗೆರೆ ನೋಡಿ ಬರೆಯಲು ಒಬ್ಬ ಮನುಷ್ಯ.

ನಾನು ಮೊದಲ ನಾಲ್ಕು ಪದ ಟೈಪ್ ಮಾಡಿದೆ. ಐದನೆಯದಕ್ಕೆ ಬೆರಳು ಏಳಲಿಲ್ಲ. ಸುಳ್ಳನ್ನು ನಕಲು ಮಾಡಲಾರದ ಆ ಹಳೆಯ ಕಾಯಿಲೆ ಇರಬಹುದು. ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವನು ಕೇಳಿ, ನನ್ನ ತಲೆಯ ಮೇಲೆ ಕೈಯಿಟ್ಟು, ‘ನನ್ನ ಉಳ್ಸೋಕೆ ಹೇಳ್ತಿದೀಯ. ಒಳ್ಳೆ ಹುಡ್ಗಿ ನೀನು. ಟೈಪ್ ಮಾಡು’ ಎಂದ. ಅತ್ತೆಗೆ ಹೇಳಿದೆ. ಅವಳು ಅರ್ಧ ಕೇಳಿ ಅಳಲು ಶುರುಮಾಡಿ, ‘ಮಾವನ ಮೇಲೆ ಎಷ್ಟು ಪ್ರೀತಿ ನೋಡು ಇದಕ್ಕೆ’ ಎಂದಳು. ಅಧಿಕಾರಿಗಳ ಕೊಠಡಿಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ‘ಏನಮ್ಮ, ಒಂಬತ್ತನೇ ಕ್ಲಾಸ್ ಬಿಟ್ಟೋಳು ಕರ್ನಲ್ ತಿದ್ದೋಕ್ ಆಗುತ್ತಾ? ಹೋಗು, ಮೂರು ಗಂಟೆ ಅಂಕಿ ಬರ್ಕೊ’ ಎಂದರು. ಜೀವಮಾನದಲ್ಲಿ ಸುಳ್ಳು ಹೇಳದೆ ಇದ್ದದ್ದಕ್ಕೆ ನನಗೆ ಸಿಕ್ಕಿದ ಮರ್ಯಾದೆ ಇದು: ನಿಜ ಹೇಳಿದಾಗ ಮೂವರಲ್ಲಿ ಒಬ್ಬರೂ ನಂಬಲಿಲ್ಲ. ಊರಿನಲ್ಲಿ ಎಲ್ಲರೂ ತಮ್ಮ ನಿರಪರಾಧ ಸಾಬೀತುಮಾಡಲು ಅಲೆಯುತ್ತಾರೆ, ನಾನು ನನ್ನ ಅಪರಾಧ ಸಾಬೀತುಮಾಡಲು ಅಲೆಯಬೇಕಾಯಿತು.

ಉಗ್ರಾಣದಲ್ಲಿ ತಮ್ಮ ಅವಳಿ ತಮ್ಮನೊಬ್ಬ ಇದ್ದಾನೆ, ತಮಗೆ ಏನಾದರೂ ಆದರೆ ಇರಲಿ ಎಂದು ತಂದಿಟ್ಟವನು, ತಮಗೆ ಗೊತ್ತಿರಲಿಕ್ಕಿಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವನನ್ನು ಒಂದು ಮರದ ಮೇಜಿನ ಮೇಲಿಟ್ಟೆ. ಮಾವನ ಒಂದು ವೈರನ್ನೂ ಜೋಡಿಸಲಿಲ್ಲ. ಅವನ ಪೆಟ್ಟಿಗೆಯಲ್ಲೇ ಬಂದಿದ್ದ ಒಂದು ಹುರಿ, ಅದನ್ನು ಚುಚ್ಚಲು ಗೋಡೆಯ ಒಂದು ಪ್ಲಗ್ಗು, ಅಷ್ಟೇ. ಕೆಲಸವಿಲ್ಲದ ಅವನಿಗೆ ಸುಳ್ಳು ಒತ್ತಡದ ಅಂಕಿಗಳನ್ನು ಉಣಿಸಿ, ಅಂದು ಮಾಡಿದ ತಪ್ಪನ್ನೇ, ಐದೂ ಬೈಟನ್ನು ಒಂದೇ ಏಟಿಗೆ ಬರೆದು, ಮತ್ತೆ ಹಳೆಯದನ್ನು ಬರೆದು, ಸೆಕೆಂಡಿಗೆ ಹತ್ತು ಸಲ ಮಾಡುವಂತೆ ಒಂದು ಚಿಕ್ಕ ಪ್ರೋಗ್ರಾಮು ಹಚ್ಚಿದೆ. ಒಂದು ಸಲ ಕಣ್ಣಾರೆ ನೋಡಿ ಎಂದು ನಾನು ಕಾಡಿದ್ದಕ್ಕೆ ಅಧಿಕಾರಿಗಳು ಕುರ್ಚಿ ಹಾಕಿಸಿಕೊಂಡು ಕೂತರು. ಮಾವ ಗೋಡೆಗೆ ಒರಗಿ ನಿಂತ.

ತಮ್ಮ ತಮ್ಮನ ನಡತೆಯ ಬಗ್ಗೆ ನಾನು ಪ್ರತ್ಯೇಕ ದೂರು ಬರೆಯಬೇಕಿತ್ತು, ಕಾಗದ ಉಳಿಸಲೆಂದು ಇಲ್ಲೇ ಸೇರಿಸುತ್ತೇನೆ. ಅಧಿಕಾರಿಗಳ ಎದುರು ಅವನಷ್ಟು ವಿನಯವಂತ ಇನ್ನೊಬ್ಬನಿಲ್ಲ. ಹನ್ನೊಂದಾಯಿತು, ನಡೆಯುತ್ತಲೇ ಇದ್ದ. ಹನ್ನೆರಡಾಯಿತು, ಎಪ್ಪತ್ತು ಸಾವಿರ ಸಲ ತಪ್ಪು ಮಾಡಿದ್ದೆ, ಒಂದು ಸಲವೂ ಎಡವಲಿಲ್ಲ. ‘ಸಾಕು ಬಿಡೇ’ ಎಂದ ಮಾವ, ಮೆಲ್ಲಗೆ. ‘ಸಾಕಾಗಿಲ್ಲ, ಇರು ಮಾವ’ ಎಂದೆ. ಹನ್ನೆರಡೂಕಾಲಿಗೆ ಅಧಿಕಾರಿಗಳು ಕೈ ತೊಳೆಯಲು ಎದ್ದು ಹೋದರು; ಅವರ ಚಪ್ಪಲಿಯ ಸದ್ದು ಪಡಸಾಲೆ ದಾಟುವಷ್ಟರಲ್ಲಿ ಆ ಮಹಾರಾಯ ನಿಂತುಬಿಟ್ಟ. ಅವರು ಟವೆಲ್ಲಿನಲ್ಲಿ ಕೈ ಒರೆಸುತ್ತ ಬಂದು, ‘ನಾನು ನೋಡ್ಲಿಲ್ಲವಲ್ಲ’ ಎಂದರು. ಮತ್ತೆ ಹೊತ್ತಿಸಿ ಹಚ್ಚಿದೆ. ನಾಲ್ಕನೇ ನಿಮಿಷಕ್ಕೆ, ಅವರ ಕಣ್ಣೆದುರೇ, ಪರದೆಯ ಮೇಲೆ ಆ ಸೋಮವಾರ ತಾವು ಬೀಳುವಾಗ ಕಂಡಿದ್ದ ಸಾಲುಗಳೇ ಮೂಡಿ, ಎಲ್ಲ ನಿಂತಿತು. ಅಂದಿನ ದಿನಚರಿಯಲ್ಲಿ ಬರೆದಿಟ್ಟಿದ್ದ ಸಾಲುಗಳನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಅಧಿಕಾರಿಗಳು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಹೋಲಿಸಿದರು.

ಮಾವ ಪರದೆಯನ್ನು ನೋಡಲೇ ಇಲ್ಲ. ಮೇಜಿನ ಕೆಳಗೆ ಕೂತು, ಹುರಿಯನ್ನು ಪೆಟ್ಟಿಗೆಯಿಂದ ಗೋಡೆಯವರೆಗೆ ಬೆರಳಲ್ಲಿ ಸವರಿಕೊಂಡು ಹೋದ. ‘ಇಲ್ಲಿ ನನ್ನ ವೈರೇ ಇಲ್ಲ’ ಎಂದ. ಗೋಡೆಯಿಂದ ಪೆಟ್ಟಿಗೆಯವರೆಗೆ ಮತ್ತೆ ಸವರಿಕೊಂಡು ಬಂದು ಅದನ್ನೇ ಹೇಳಿದ. ಆಮೇಲೆ ಎದ್ದು ನನ್ನ ಕಡೆ ತಿರುಗಿ, ‘ಮೂರು ಸಲ ಬಿಚ್ಚಿ ಕಟ್ಟಿದೆ ಕಣೇ. ಮೂರು ಸಲ. ಒಂದ್ ಮಾತು ಹೇಳ್ಬಾರ್ದಿತ್ತಾ?’ ಎಂದ.

ಅಪರಾಧ ಸಾಬೀತಾದ ಮೇಲೆ ಕೆಲಸವೊಂದು ಉಳಿದಿತ್ತು. ಹಳೆಯ ದೊಡ್ಡ ಕೊಳವೆಯ ಬೆಸುಗೆ ಗುದ್ದು ತಿಂದು ತಿಂದು ಬಾಯಿ ಬಿಡತೊಡಗಿತ್ತು. ತಮ್ಮ ದೂರು ಬರೆಯುವ ಚಟ ಈಗಲೇ ಬಿಡಿಸದಿದ್ದರೆ ಊರಿಗೆ ನೀರು ನಿಲ್ಲುವುದು ನಿಮಿಷಗಳ ಮಟ್ಟಿಗಲ್ಲ, ದಿನಗಳ ಮಟ್ಟಿಗೆ. ಮರುದಿನ ಬೆಳಿಗ್ಗೆ ಕೇಳಿದಾಗ ಅಧಿಕಾರಿಗಳು ನಿಲ್ಲಿಸಲು ಒಪ್ಪಲಿಲ್ಲ, ಓಡುವಾಗ ತಿದ್ದಲೂ ಒಪ್ಪಲಿಲ್ಲ. ‘ಇವ್ಳು ಮತ್ತೆ ಮುಟ್ಟೋದಾ?’ ಎಂದರು. ಆಗ ಮಾವ, ಹಿಂದಿನ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದವನು, ನನ್ನ ಕಡೆ ನೋಡದೆಯೇ, ‘ಹೆಂಗ್ ಮಾಡ್ತೀಯೋ ಮೊದ್ಲು ಹೇಳು’ ಎಂದ.

ಹೇಳಿದೆ. ಐದೂ ಬೈಟನ್ನು ಮುಟ್ಟುವುದಿಲ್ಲ. ಮೊದಲ ಒಂದು ಬೈಟಿನ ಜಾಗದಲ್ಲಿ ಮಾತ್ರ ‘ನಿಲ್ಲು, ಕಾವಲುಗಾರನನ್ನು ಕೇಳು’ ಎಂಬ ಒಂದೇ ಬೈಟಿನ ಆದೇಶ ಇಡುತ್ತೇನೆ. ಒಂದು ಬೈಟನ್ನು ಅರ್ಧ ಓದಲು ಯಾರಿಂದಲೂ ಆಗದು. ಅಲ್ಲಿಗೆ ಬಂದವರಿಗೆ ಕಾವಲುಗಾರ, ಅಂದರೆ ನಾನು ಬರೆದಿಟ್ಟ ಇನ್ನೊಂದು ಚಿಕ್ಕ ಪ್ರೋಗ್ರಾಮು, ‘ದೂರು ಬೇಡ, ದಾಟಿಹೋಗಿ’ ಎಂದು ಕಳಿಸುತ್ತಾನೆ. ಆಮೇಲೆ ನಾಲ್ವರಿಗೂ ಗಂಟೆ ಬಾರಿಸುತ್ತೇನೆ; ಪ್ರತಿಯೊಬ್ಬರೂ ಮುಂಚಿತವಾಗಿ ಓದಿಟ್ಟುಕೊಂಡದ್ದನ್ನೆಲ್ಲ ಚೆಲ್ಲಿ, ಆಯಿತು ಎಂದು ತಿಳಿಸುವವರೆಗೆ ಕಾಯುತ್ತೇನೆ. ಆಗ ಹಿಂದಿನ ನಾಲ್ಕು ಬೈಟು ತಿದ್ದುತ್ತೇನೆ, ಅವುಗಳ ಹತ್ತಿರ ಯಾರೂ ಸುಳಿಯಲಾರರು. ಮತ್ತೆ ಗಂಟೆ. ಕೊನೆಗೆ ಆ ಒಂದು ಬೈಟನ್ನು ತೆಗೆದು ಹೊಸ ಆದೇಶದ ಮೊದಲ ಬೈಟು ಇಡುತ್ತೇನೆ. ಮತ್ತೆ ಗಂಟೆ.

ಮಾವ ಕೇಳಿ ಮುಗಿಸಿ, ‘ಅಷ್ಟೇನಾ? ಇದನ್ನ ನಾನು ದಿನಾ ಮಾಡ್ತೀನಲ್ಲೇ’ ಎಂದ.

ಹೌದು, ದಿನಾ ಮಾಡುತ್ತಾನೆ. ಪಂಪಿನ ಮನೆಯಲ್ಲಿ ವೈರು ಮುಟ್ಟುವ ಮೊದಲು ಮಾವ ಸ್ವಿಚ್ಚಿಗೆ ಕೆಂಪು ತಗಡು ನೇತುಹಾಕುತ್ತಾನೆ. ಆಮೇಲೆ ನಾಲ್ಕೂ ಪಂಪಿನ ಆಪರೇಟರುಗಳ ಹತ್ತಿರ ನಡೆದು ಹೋಗಿ, ಒಬ್ಬೊಬ್ಬರೂ ಹಿಡಿಕೆ ಬಿಟ್ಟು, ಎರಡೂ ಕೈ ಮೇಲೆತ್ತಿ ‘ಬಿಟ್ಟೆ’ ಎನ್ನುವವರೆಗೆ ನಿಲ್ಲುತ್ತಾನೆ. ಒಮ್ಮೆ ನಾಲ್ಕನೇ ಪಂಪಿನವರು ದೂರದಿಂದಲೇ ‘ಬಿಟ್ಟೆ’ ಎಂದು ಕೂಗಿದರು. ಮಾವ ಇನ್ನೂರು ಹೆಜ್ಜೆ ನಡೆದು ಹೋಗಿ, ‘ಬಾಯಲ್ಲಿ ಬಿಟ್ರೆ ಆಗಲ್ಲ, ಕೈ ತೋರ್ಸಪ್ಪ’ ಎಂದದ್ದನ್ನು ನಾನೇ ನೋಡಿದ್ದೇನೆ, ನಕ್ಕಿದ್ದೇನೆ ಕೂಡ. ಕೈಪಿಡಿಯ ನಾನೂರ ಹನ್ನೊಂದನೇ ಪುಟ ಓದದೆ ಊರಿನ ನೀರು ನಿಲ್ಲಿಸಿದವಳ ಕಣ್ಣೆದುರು ಅದೇ ಪಾಠ ದಿನಾ ಚಪ್ಪಲಿ ಹಾಕಿಕೊಂಡು ಓಡಾಡುತ್ತಿತ್ತು.

‘ಮಾಡ್ಲಿ ಬಿಡಿ ಸಾರ್’ ಎಂದ ಮಾವ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ಹಲಗೆಯ ಮೇಲೆ 424 ಇದ್ದಾಗ, ನಾನು ಕೀಬೋರ್ಡಿನ ಮುಂದೆ ಕೂತೆ. ಅಗತ್ಯವಿಲ್ಲವೆಂದರೂ ಕೇಳದೆ ಮಾವ ನಾಲ್ಕೂ ಪಂಪಿನವರ ಬಳಿ ಹೋಗಿ ಕೈ ಎತ್ತಿಸಿ ಬಂದ. ಬಾಗಿಲಲ್ಲಿ ನಿಂತು, ‘ಬಿಟ್ರು’ ಎಂದ. ನಾನು ಗುಂಡಿ ಒತ್ತಿದೆ. ತಮ್ಮ ನಾಲ್ವರಿಂದ ಮೂರು ಸಲ ಆಯಿತು, ಆಯಿತು ಎಂದು ಬಂತು. ಒಟ್ಟು ಹಿಡಿದ ಹೊತ್ತು ಒಂದು ಸೀನು ಬರುವುದಕ್ಕಿಂತ ಕಡಿಮೆ.

ಮತ್ತು ಏನೂ ಆಗಲಿಲ್ಲ. ವಾಲ್ವುಗಳು ಹೊತ್ತಿಗೆ ಸರಿಯಾಗಿ ತಿರುಗಿದವು, ಕೊಳವೆ ಗುದ್ದಲಿಲ್ಲ, ದೂರಿನ ಕಡತದಲ್ಲಿ ಹೊಸ ಸಾಲು ಬೀಳಲಿಲ್ಲ. ಊರಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಈ ಕೆಲಸದಲ್ಲಿ ಗೆದ್ದವರಿಗೆ ಸಿಗುವ ಬಹುಮಾನ ಇಷ್ಟೇ ಎಂದು ಕಾಣುತ್ತದೆ. ಏನೂ ಆಗದೆ ಇದ್ದದ್ದಕ್ಕೆ ಚಪ್ಪಾಳೆ ತಟ್ಟುವವರು ಯಾರು. ಅಧಿಕಾರಿಗಳು ಹಲಗೆಯ ಹತ್ತಿರ ಹೋಗಿ 424 ಅಲ್ಲೇ ಇದೆಯೇ ಎಂದು ನೋಡಿ, ಅದರ ಮೇಲೆ ಇನ್ನೊಮ್ಮೆ ಸೀಮೆಸುಣ್ಣ ಎಳೆದು ದಪ್ಪ ಮಾಡಿದರು.

ಅಂದು ಸಂಜೆಯೇ ತಿದ್ದಿದ ವರದಿ ಸೂಚನಾ ಫಲಕಕ್ಕೆ ಬಂತು. ವೈರಿಂಗಿನಲ್ಲಿ ದೋಷವಿರಲಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅತ್ತೆ ಕೇಂದ್ರದ ಗೇಟಿನ ಒಳಗೆ ಹಿಂದೆಂದೂ ಕಾಲಿಡದವಳು, ಬಂದು, ಪೂರ್ತಿ ಓದಿ ಹೋದಳು. ಅದರ ಪಕ್ಕದಲ್ಲಿ ನನ್ನ ಶಿಕ್ಷೆಯ ಆದೇಶ. ಹೊಸದಾಗಿ ಟೈಪ್ ಮಾಡಿಸುವ ತೊಂದರೆ ಏಕೆಂದು ಅಧಿಕಾರಿಗಳು ನನ್ನ ಮೇಜಿನ ಮೇಲೆ ಉಳಿದಿದ್ದ ಮಾವನ ಅರ್ಜಿಯನ್ನೇ ತೆಗೆದುಕೊಂಡು, ಅವನ ಹೆಸರು ಹೊಡೆದು ನನ್ನ ಹೆಸರು ಬರೆದು, ‘ಬೇಡುತ್ತೇನೆ’ ಇದ್ದಲ್ಲಿ ‘ಆಜ್ಞಾಪಿಸಲಾಗಿದೆ’ ಮಾಡಿ ಸಹಿ ಹಾಕಿದ್ದರು. ಯಾರಾದರೂ ಬಂದು ಅರ್ಧ ಓದಿದರೆ ಏನಾದೀತು ಎಂದು ಅವರಿಗೆ ಹೊಳೆಯಲಿಲ್ಲ. ಮೂರನೇ ಪಂಪಿನವರು ಹಾಗೆಯೇ ಓದಿ, ಮಾವನಿಗೆ ಬೀಳ್ಕೊಡುಗೆ ಕೊಡಲು ಹೂವು ತಂದುಬಿಟ್ಟಿದ್ದರು.

ಮಾವ ನನ್ನೊಡನೆ ಇನ್ನೂ ಸರಿಯಾಗಿ ಮಾತನಾಡುತ್ತಿಲ್ಲ. ಅದು ನ್ಯಾಯವೇ, ಹದಿನಾಲ್ಕು ತಿಂಗಳನ್ನು ಮೂರು ಸಲ ಗಂಟೆ ಬಾರಿಸಿ ತಿದ್ದಲು ಅವನು ತಮ್ಮ ಹಾಗೆ ಪ್ರೊಸೆಸರ್ ಅಲ್ಲ. ನಿನ್ನೆ ನನ್ನ ಟ್ರಂಕಿನ ಕೀಲು ಸಡಿಲವಾಗಿದ್ದದ್ದನ್ನು ಕೇಳದೆಯೇ ಬಿಗಿ ಮಾಡಿಕೊಟ್ಟು, ‘ಅಲ್ಲಿ ಒದ್ದೆ ಜಾಸ್ತಿ, ತುಕ್ಕು ಹಿಡಿಯುತ್ತೆ, ಎಣ್ಣೆ ಹಾಕ್ತಿರು’ ಎಂದ. ಅಷ್ಟು ಸಾಕು ನನಗೆ.

ತಮ್ಮ ಓದಿನ ವೇಗ ಹೆಚ್ಚಲಿ, ತಮ್ಮ ಊಹೆಗಳು ತಮ್ಮನ್ನು ಬಿಟ್ಟು ಬೇರೆಯವರನ್ನು ಬೀಳಿಸದಿರಲಿ ಎಂದು ಹಾರೈಸುತ್ತ,

ಗಂಟೆ ಬಾರಿಸಿ ಉತ್ತರ ಬರುವವರೆಗೆ ತಮ್ಮ ಮೇಲೆ ವಿಶ್ವಾಸವಿಡದ, ಬಂದ ಮೇಲೂ ಸ್ವಲ್ಪ ಕಾದು ನೋಡುವ, ಆದರೂ

ತಮ್ಮ ವಿಶ್ವಾಸಿ,
ದಿನಚರಿ ಬರೆಯುತ್ತಿದ್ದವಳು

ಬರೆದು ಮಡಿಸಿದ ಮೇಲೆ ನೆನಪಾದದ್ದು: ನಾನು ತಿದ್ದಿದ್ದು ತಾವು ಓಡುತ್ತಿರುವವರೆಗೆ ಮಾತ್ರ. ಮುಂದೆ ತಾವು ಯಾವ ಕಾರಣಕ್ಕಾದರೂ ಒಮ್ಮೆ ನಿಂತು ಎದ್ದರೆ ಡಿಸ್ಕಿನಿಂದ ಹಳೆಯ ಆದೇಶವೇ ಬರುತ್ತದೆ, ಮತ್ತೆ ದೂರು ಬರೆಯಲು ಕೂರುತ್ತೀರಿ, ಮತ್ತೆ ಕೊಳವೆ ಗುದ್ದುತ್ತದೆ. ಇದನ್ನೂ, ಆಗ ಏನು ಮಾಡಬೇಕೆಂಬುದನ್ನೂ ಎರಡು ಪುಟ ಬರೆದು ಅಧಿಕಾರಿಗಳಿಗೆ ಕೊಟ್ಟೆ. ಅವರು ಮೊದಲ ಸಾಲು ನೋಡಿ, ಉಳಿದದ್ದನ್ನು ಊಹಿಸಿ, ‘ಓದಿದ್ದೇನೆ’ ಎಂದು ಸಹಿ ಹಾಕಿದರು. ತಮ್ಮಲ್ಲಿ ಐದನೇ ಸಹೋದರರಿಗೆ ಜಾಗವಿದ್ದರೆ ಅವರನ್ನು ಪರಿಶೀಲಿಸಬಹುದು. ಮೇಲಿನ ಜಲಾಶಯಕ್ಕೆ ಇರುವುದು ದಿನಕ್ಕೆ ಒಂದೇ ಬಸ್ಸು, ಬೆಳಿಗ್ಗೆ ಆರೂ ಹತ್ತಕ್ಕೆ. ನಾಳೆ ಹೊರಡುತ್ತಿದ್ದೇನೆ.